ಬಿಸಿಲು ಉಂಡವನ ಅಂಗೈ

ಬುರುಡೆಯಣ್ಣ ನಲವತ್ತು ದಿನ ಒಂದು ತುತ್ತೂ ಮುಟ್ಟದೆ ಬರೀ ಬಿಸಿಲು ಉಂಡು ಬದುಕಿದವನು. ಶಾಲೆಯ ತಾರಸಿಯ ಮೇಲೆ ಎರಡೂ ಅಂಗೈ ಚಾಚಿ ನಿಂತರೆ ಸಾಕು, ಹೊಟ್ಟೆ ತುಂಬಿ ತೇಗು ಬರುತ್ತಿತ್ತು. ಎರಡನೆಯ ವಾರಕ್ಕೆಲ್ಲ ಬೆಳಗಿನ ಬಿಸಿಲಿಗೂ ಮಧ್ಯಾಹ್ನದ ಬಿಸಿಲಿಗೂ ರುಚಿಯಲ್ಲಿ ಎಷ್ಟು ವ್ಯತ್ಯಾಸವೆಂದು ನಾಲಿಗೆಗೆ ಗೊತ್ತಾಗಿಬಿಟ್ಟಿತ್ತು. ಮೂರನೆಯ ವಾರ ಕಿವಿಯ ಹಿಂದೆ ಎಳೆಹಸಿರು ಮೂಡಿತು. ಎರಡು ಗುಬ್ಬಿಗಳು ಅವನ ಹೆಗಲನ್ನು ಕೊಂಬೆಯೆಂದೇ ತಿಳಿದು ಸಂಸಾರ ಹೂಡಿದವು. ಕೆಳಗಿಳಿದು ಬಂದಾಗ ತೂಕ ಎರಡು ಕೆಜಿ ಹೆಚ್ಚಾಗಿತ್ತು. ನಡುವೆ ಮೋಡ ಕವಿದಿದ್ದ ಒಂದು ಗುರುವಾರ ಮಾತ್ರ ಸ್ವಲ್ಪ ಹಸಿವಾಯಿತು, ಸುಳ್ಳು ಯಾಕೆ ಹೇಳಬೇಕು.

ಇದನ್ನೆಲ್ಲ ಹೇಳಿದವನು ಸ್ವತಃ ಬುರುಡೆಯಣ್ಣನೇ. ಪ್ರೌಢಶಾಲೆಯ ಜೀವಶಾಸ್ತ್ರದ ಲ್ಯಾಬಿಗೆ ಅವನು ಅಟೆಂಡರು. ಬಾಗಿಲ ಪಕ್ಕದ ಕಪಾಟಿನಲ್ಲಿರುವ ತಲೆಬುರುಡೆಯನ್ನು ದಿನವೂ ಒರೆಸುವುದರಿಂದ ತನಗೆ ಆ ಹೆಸರು ಬಂತೆಂದು ಅವನು ನಂಬಿದ್ದ. ಯಾತರಿಂದ ಬಂತೆಂದು ಮಕ್ಕಳಿಗೆ ಗೊತ್ತಿತ್ತು. ಜಾಡಿಯಲ್ಲಿ ಸುರುಳಿ ಸುತ್ತಿಕೊಂಡಿದ್ದ ಲಾಡಿಹುಳುವನ್ನು ಅವನೇ ಒಬ್ಬ ಪೈಲ್ವಾನನ ಹೊಟ್ಟೆಯಿಂದ ನಯವಾಗಿ ಮಾತಾಡಿಸಿ ಹೊರಗೆ ಕರೆದಿದ್ದ. ಪಕ್ಕದ ಜಾಡಿಯ ಚೇಳು ಸತ್ತಿರಲಿಲ್ಲ, ಅವನ ಮೇಲಿನ ಗೌರವಕ್ಕೆ ಸುಮ್ಮನಿತ್ತು. ಹೋದ ವರ್ಷ ಪ್ರಯೋಗಕ್ಕೆಂದು ಜೀವಶಾಸ್ತ್ರದ ಮೇಡಂ ಬೆಳೆಸಿದ್ದ ಮೊಳಕೆಕಾಳು ನಾಲ್ಕು ತಟ್ಟೆಯಷ್ಟು ಕಾಣೆಯಾದಾಗ, ತಿಂದ ಇಲಿಯನ್ನು ಕಣ್ಣಾರೆ ಕಂಡವನೂ ಅವನೊಬ್ಬನೇ. ಕರುವಿನಷ್ಟು ಎತ್ತರ, ಮೀಸೆ ಬೇರೆ. ಅಂದಿನಿಂದ ಲ್ಯಾಬಿನ ನಾಲ್ಕು ಮೂಲೆಗೆ ಮೇಡಂ ನಾಲ್ಕು ಇಲಿಬೋನು ಇಟ್ಟಿದ್ದರು. ಈವರೆಗೆ ಒಂದು ಜಿರಳೆಯೂ ಬಿದ್ದಿರಲಿಲ್ಲ.

ಬಿಸಿಲಿನ ಕತೆಗೆ ಮಾತ್ರ ಅವನು ಪುರಾವೆಯನ್ನೂ ತೋರಿಸಿದ್ದ. ಮೊನ್ನೆ ಮೇಡಂ ಎಲೆಯ ಮೇಲೆ ಅಯೋಡಿನ್ ತೊಟ್ಟಿಕ್ಕಿ ಪಾಠ ಮಾಡಿದ್ದರು: ಎಲೆ ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಂಡಿದ್ದರೆ ಅದರೊಳಗೆ ಪಿಷ್ಟ ಇರುತ್ತದೆ, ಪಿಷ್ಟ ಇದ್ದರೆ ಕಂದುಬಣ್ಣದ ಅಯೋಡಿನ್ ಕಪ್ಪುನೀಲಿಗೆ ತಿರುಗುತ್ತದೆ. ಮೇಡಂ ಆಚೆ ಹೋದದ್ದೇ ತಡ, ಬುರುಡೆಯಣ್ಣ ತನ್ನ ಬಲ ಅಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಎತ್ತಿ ಹಿಡಿದ. ಅಂಗೈ ಕಪ್ಪುನೀಲಿಯಾಯಿತು. ದೊಡ್ಡ ಹುಡುಗರು ಶಿಳ್ಳೆ ಹೊಡೆದು ನಕ್ಕರು. ಮೂಲೆಯ ಸ್ಟೂಲಿನ ಮೇಲೆ ಕಾಲು ತೂಗಾಡಿಸುತ್ತ ಕೂತಿದ್ದವಳೊಬ್ಬಳು ಮಾತ್ರ ನಗಲಿಲ್ಲ.

ಅವಳು ಕಡ್ಡಿ, ಅವನ ಅಕ್ಕನ ಮಗಳು. ಅದೇ ಆವರಣದ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿ. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಶಾಲೆಯ ಎದುರಿಗೇ ಅಕ್ಕನ ಇಸ್ತ್ರಿ ಅಂಗಡಿ, ಅದರ ಹಿಂದಿನ ಎರಡು ಕೋಣೆಯೇ ಮೂವರ ಮನೆ. ತರಗತಿ ಬಿಟ್ಟ ಮೇಲೆ ಮಾಮನ ಕೆಲಸ ಮುಗಿಯುವ ತನಕ ಅವಳು ಲ್ಯಾಬಿನಲ್ಲೇ ಕೂರುವಳು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಬಿಸಿಲು ಉಣ್ಣುವುದು ಹೇಗೆಂದು ಕೇಳಿದ್ದಳು. ಬುರುಡೆಯಣ್ಣ ಗತ್ತಿನಿಂದ ಕ್ರಮ ಹೇಳಿಕೊಟ್ಟಿದ್ದ. ಮೊದಲು ಪ್ರಯೋಗದ ಗಿಡದ ಹಾಗೆ ಕತ್ತಲೆಯಲ್ಲಿದ್ದು ಹೊಟ್ಟೆಯನ್ನು ಪೂರ್ತಿ ಖಾಲಿ ಮಾಡಿಕೊಳ್ಳಬೇಕು. ಆಮೇಲೆ ನೆರಳೇ ಬೀಳದ ಜಾಗದಲ್ಲಿ ಕಾಲನ್ನು ನೀರಿನಲ್ಲಿಟ್ಟು ನಿಲ್ಲಬೇಕು, ಬೇರಿಗೆ ನೀರು ಬೇಕಲ್ಲ. ಅಂಗೈ ನೀಲಿಯಾಗುವ ತನಕ ಅಲ್ಲಾಡಬಾರದು.

ಹೇಳಿದವನು ಮನೆ ಮುಟ್ಟುವ ಮೊದಲೇ ಮರೆತ.

ಈ ಶನಿವಾರ ಬೆಳಿಗ್ಗೆ ಹತ್ತನೆಯವರ ಪ್ರಯೋಗಕ್ಕೆ ಮೇಡಂ ಅಯೋಡಿನ್ ಬಾಟಲಿ ಕೇಳಿದರು. ಅದು ಕಪಾಟಿನಲ್ಲಿರಲಿಲ್ಲ. ಅಯೋಡಿನ್ ಬಹಳ ಮಾನಿ ಮೇಡಂ, ಯಾರೋ ಏನೋ ಅಂದಿರಬೇಕು, ಎದ್ದು ಹೋಗಿದೆ ಎಂದು ಬುರುಡೆಯಣ್ಣ ಶುರು ಮಾಡುವಷ್ಟರಲ್ಲಿ ನಾಲ್ಕನೆಯ ತರಗತಿಯ ಟೀಚರು ಬಾಗಿಲಲ್ಲಿ ನಿಂತು, ನಿಮ್ಮ ಹುಡುಗಿಗೆ ಹುಷಾರಿಲ್ಲವೇ, ಇವತ್ತು ಬಂದೇ ಇಲ್ಲ ಎಂದರು. ಬೆಳಿಗ್ಗೆ ಅವಳ ಕೈ ಹಿಡಿದು ಗೇಟು ದಾಟಿಸಿದವನು ಅವನೇ.

ತರಗತಿ, ಆಟದ ಬಯಲು, ನಲ್ಲಿಯ ಕಟ್ಟೆ, ಎಲ್ಲ ಕಡೆ ನೋಡಿ ಬಂದ. ಮತ್ತೆ ಲ್ಯಾಬಿಗೆ ಬಂದವನು, ಯಾಕೆಂದು ಗೊತ್ತಿಲ್ಲ, ಗಿಡವನ್ನು ಕತ್ತಲೆಗಿಡುವ ಕಪಾಟಿನ ಬಾಗಿಲು ತೆರೆದ. ಕುಂಡವನ್ನು ಮೂಲೆಗೆ ಸರಿಸಲಾಗಿತ್ತು. ಧೂಳಿನಲ್ಲಿ ಒಂದು ಪುಟ್ಟ ಮೈ ಮುದುಡಿ ಕೂತಷ್ಟು ಜಾಗ ಚೊಕ್ಕಟವಾಗಿತ್ತು. ಅದರ ಪಕ್ಕ ಎರಡು ಊಟದ ಡಬ್ಬಿ. ಮೇಲಿನದು ಇವತ್ತಿನದು. ಕೆಳಗಿನದು ನಿನ್ನೆಯದು, ತೆರೆದರೆ ಹಳಸಿದ ವಾಸನೆ.

ನಿನ್ನೆ ಸಂಜೆ ಅವಳು ಹೊಟ್ಟೆ ತುಂಬಿದೆ ಎಂದಿದ್ದಳು. ತಲೆತುಂಬ ಹೊದ್ದು ಮಲಗಿದ್ದಳು. ಬೆಳಿಗ್ಗೆ ಹಾಲಿನ ಲೋಟ ಹಾಗೇ ಉಳಿದಿತ್ತು. ಒಂದೊಂದೇ ನೆನಪಾದ ಹಾಗೆ ತಾನು ಹೇಳಿಕೊಟ್ಟ ಕ್ರಮವೂ ಬುರುಡೆಯಣ್ಣನ ತಲೆಗೆ ಮರಳಿತು. ಕತ್ತಲೆ ಮುಗಿದಿದ್ದರೆ ಮುಂದೆ ಬಿಸಿಲು. ಗೋಡೆಯ ಮೊಳೆ ನೋಡಿದ. ತಾರಸಿಯ ಬೀಗದಕೈ ಇರಲಿಲ್ಲ.

ತಾರಸಿಯ ಪೂರ್ವದ ಅಂಚಿಗೆ ಮೋಟುಗೋಡೆಯಿಲ್ಲ. ಹಳೆಯ ನೀರಿನ ಟ್ಯಾಂಕು ಇಳಿಸುವಾಗ ಒಡೆದದ್ದನ್ನು ಯಾರೂ ಮತ್ತೆ ಕಟ್ಟಿರಲಿಲ್ಲ. ಅಲ್ಲಿ ನೆರಳೇ ಬೀಳುವುದಿಲ್ಲ.

ಮೂರು ಮಹಡಿಯ ಮೆಟ್ಟಿಲು ಅವತ್ತು ಮುನ್ನೂರಾದವು. ಇದೊಂದು ಮಾತ್ರ ಉತ್ಪ್ರೇಕ್ಷೆ ಅಲ್ಲವೆಂದು ಅವನ ಮೊಣಕಾಲೇ ಹೇಳೀತು. ಹಿಂದೆಯೇ ಮೇಡಂ ಏರಿ ಬಂದರು. ಬಾಗಿಲು ನೂಕಿದರೆ ಆಚೆಯಿಂದ ಚಿಲಕ. ಹಲಗೆಗಳ ನಡುವೆ ಬೆರಳು ಹಿಡಿಸುವಷ್ಟು ಸಂದಿತ್ತು. ಕಣ್ಣಿಟ್ಟು ನೋಡಿದ.

ಕಡ್ಡಿ ಅಲ್ಲಿದ್ದಳು. ಜಾಡಿ ತೊಳೆಯುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ಅದರೊಳಗೆ ಬರಿಗಾಲಲ್ಲಿ ನಿಂತಿದ್ದಳು. ಬೆನ್ನು ಆಚೆಗೆ, ಮುಖ ಬಾಗಿಲ ಕಡೆಗೆ, ಎರಡೂ ಅಂಗೈ ಮೇಲಕ್ಕೆ. ಟಬ್ಬಿನ ಹಿಂದೆ ಒಂದು ಮೊಳ ಸಿಮೆಂಟು, ಅದರಾಚೆ ಏನೂ ಇಲ್ಲ. ಅಂಗೈ ತುಂಬ ಕಂದು ಕಲೆ. ತುಟಿ ಬಿಳಿಚಿತ್ತು. ಗಾಳಿಯಿಲ್ಲದೆಯೂ ಅವಳು ಗಾಳಿಗೆ ಸಿಕ್ಕ ಗಿಡದಂತೆ ಮೆಲ್ಲಗೆ ಓಲಾಡುತ್ತಿದ್ದಳು.

ಬಾಗಿಲು ಒಡೆಯಲು ಭುಜ ಕೊಡಹೊರಟವನನ್ನು ಮೇಡಂ ತಡೆದರು. ಸದ್ದಿಗೆ ಬೆಚ್ಚಿದರೆ ಹಿಂದಕ್ಕೇ ಬೀಳುತ್ತಾಳೆ ಎಂದು ಕಿವಿಯಲ್ಲಿ ಹೇಳಿದರು.

"ಕಡ್ಡೀ," ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಬರಬೇಡ ಮಾಮ. ನೆರಳು ಬೀಳುತ್ತೆ."

"ಸಾಕು ಪುಟ್ಟಾ, ಚಿಲಕ ತೆಗಿ."

"ಇನ್ನೂ ಕಂದೇ ಇದೆ. ನೀಲಿ ಆಗ್ತಾನೇ ಇಲ್ಲ." ಅವಳ ನಾಲಿಗೆ ತೊದಲುತ್ತಿತ್ತು. "ಸೋಮವಾರ ಎಲ್ಲರಿಗೂ ತೋರಿಸ್ಬೇಕು. ನೀನು ಬರೀ ಬುರುಡೆ ಅಂತ ಕ್ಲಾಸಲ್ಲಿ ಅಂದ್ರು. ನಮ್ಮ ಮಾಮ ಸುಳ್ಳು ಹೇಳಲ್ಲ ಅಂದೆ."

ಇಂಥ ಹೊತ್ತಿನಲ್ಲೂ ಬುರುಡೆಯಣ್ಣನ ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು. ಇಲ್ಲಿಂದ ನೋಡಿದರೆ ಆಗಲೇ ನೀಲಿ ಕಾಣುತ್ತಿದೆ ಎಂದ. ಇಲ್ಲ, ಕಂದೇ ಎಂದಳು. ಹತ್ತು ವರ್ಷ ತುಂಬದವರಿಗೆ ಬಿಸಿಲು ಅರಗುವುದಿಲ್ಲ ಎಂದ.

"ಗಿಡಕ್ಕೆ ಯಾರಾದ್ರೂ ವಯಸ್ಸು ಕೇಳ್ತಾರಾ?"

ಹೇಳುತ್ತ ಅವಳು ಅಂಗೈಗೆ ಬಿಸಿಲು ಇನ್ನಷ್ಟು ಸಿಗಲೆಂದು ಮೈ ಹಿಂದಕ್ಕೆ ಬಾಗಿಸಿದಳು. ಟಬ್ಬಿನ ನೀರು ತುಳುಕಿ ಸಿಮೆಂಟಿನ ಮೇಲೆ ಹರಿದು ಅಂಚಿನಿಂದ ಕೆಳಗಿಳಿಯಿತು. ಅದು ನೆಲ ಮುಟ್ಟಿದ ಸದ್ದು ಕೇಳಲಿಲ್ಲ. ಅಷ್ಟು ಎತ್ತರ.

ಅವನು ಹಣೆಯನ್ನು ಹಲಗೆಗೆ ಒತ್ತಿಕೊಂಡ.

"ಸುಳ್ಳು ಕಣೇ. ನಾನು ಹೇಳಿದ್ದೆಲ್ಲ ಸುಳ್ಳು. ಬಿಸಿಲು ತಿಂದು ಯಾರೂ ಬದುಕಲ್ಲ."

ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು. "ಈಗ ಹೇಳ್ತಿರೋದು ಸುಳ್ಳು. ನನ್ನ ಒಳಗೆ ಕರಿಯೋಕೆ. ನಿನ್ನ ಕೈ ನೀಲಿ ಆಗಿದ್ದು ನಾನೇ ನೋಡಿದೀನಿ."

ಜೀವಮಾನದಲ್ಲಿ ಮೊದಲ ಸಲ ಅವನು ನಿಜದ ಗಂಟು ಬಿಚ್ಚಿದ್ದ, ಕೊಳ್ಳುವ ಗಿರಾಕಿಯೇ ಇರಲಿಲ್ಲ. ಮೇಡಂ ಮುಂದೆ ಬಂದು, ಮನುಷ್ಯರ ಮೈಯಲ್ಲಿ ಎಲೆಯ ಹಸಿರು ಇರುವುದಿಲ್ಲ ಮರಿ, ನಾವು ತಿಂದೇ ಬದುಕಬೇಕು ಎಂದು ಮೆತ್ತಗೆ ತಿಳಿಹೇಳಿದರು. ಮಾಮನಿಗೆ ಇತ್ತು ಎಂದು ಆಚೆಯಿಂದ ಉತ್ತರ ಬಂತು. ಈ ಸಲ ದನಿ ಇನ್ನೂ ಸಣ್ಣಗಿತ್ತು, ಮಾತಿನ ಕೊನೆ ಕೇಳಿಸಲೇ ಇಲ್ಲ.

ಯಾರೋ ಸುದ್ದಿ ಮುಟ್ಟಿಸಿದ್ದರು. ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. ಸಂದಿಗೆ ಕಣ್ಣಿಟ್ಟಳು. ಕಿರುಚಲಿಲ್ಲ. ತಮ್ಮನ ಮುಂಗೈಯನ್ನು ಮೂಳೆ ನೋಯುವಂತೆ ಹಿಡಿದು ಪಿಸುಗುಟ್ಟಿದಳು.

"ನನ್ನ ಮಗಳಿಗೆ ಏನು ಹೇಳಿದ್ಯೋ?"

ಅವನು ಅವಳ ಕೈ ನೋಡಿದ. ಮೊಣಕೈವರೆಗೆ ಬಟ್ಟೆಗೆ ಹಾಕುವ ಗಂಜಿ ಒಣಗಿ ಬಿಳಿ ಹಕ್ಕಳೆಯಾಗಿತ್ತು. ಶಾಲೆಯ ಮಕ್ಕಳ ಅರ್ಧ ಸಮವಸ್ತ್ರ ಆ ಕೈಯಲ್ಲೇ ಗರಿಗರಿಯಾಗುವುದು. ಕಡ್ಡಿಯ ಅಂಗಿಯೂ.

"ಕಡ್ಡೀ, ಬಾಟಲಿಯಲ್ಲಿ ಇನ್ನೂ ಒಂದು ತೊಟ್ಟು ಇದೆಯಾ?"

ಇದೆ ಎಂದಳು.

"ನಿನ್ನ ಅಂಗಿ ತೋಳಿನ ಮೇಲೆ ಬಿಡು."

"ಕಲೆ ಆಗುತ್ತೆ. ಅಮ್ಮ ಬೈತಾಳೆ."

"ಬೈಯಲ್ಲ ಕಣೇ ಬಂಗಾರಿ," ಎಂದಳು ಅಕ್ಕ.

ಕಡ್ಡಿ ಜೇಬಿನಿಂದ ಬಾಟಲಿ ತೆಗೆದಳು. ಬಿಚ್ಚುವಾಗ ಮುಚ್ಚಳ ಜಾರಿ, ಉರುಳಿ, ಅಂಚು ದಾಟಿ ಮಾಯವಾಯಿತು. ಅದು ಹೋದ ದಾರಿಯನ್ನು ನೋಡಲು ಅವಳು ಕತ್ತು ತಿರುಗಿಸಿದಳು. ಅವಳು ಮತ್ತೆ ಮುಂದಕ್ಕೆ ತಿರುಗಿ ತೋಳಿನ ಅಂಚಿನ ಮೇಲೆ ಒಂದು ತೊಟ್ಟು ಬಿಟ್ಟಳು.

ನೋಡುನೋಡುತ್ತಿದ್ದಂತೆ ಬಿಳಿ ಬಟ್ಟೆಯ ಮೇಲೆ ಕಪ್ಪುನೀಲಿ ಹರಡಿತು.

"ಮಾಮ. ನೀಲಿ ಆಯ್ತು."

"ಹೂಂ."

"ಅಂಗಿ ಬಿಸಿಲು ತಿನ್ನುತ್ತಾ?"

"ಇಲ್ಲ ಪುಟ್ಟಾ. ಅಂಗಿ ಗಂಜಿ ಕುಡಿದಿದೆ, ಗಂಜಿಯಲ್ಲಿ ಪಿಷ್ಟ ಇರುತ್ತೆ. ಅವತ್ತು ನನ್ನ ಕೈನೂ ಅಷ್ಟೇ. ಬೆಳಿಗ್ಗೆ ನಿಮ್ಮಮ್ಮನ ಗಂಜಿ ಬಕೆಟ್ಟಿಗೆ ಅದ್ದಿ ಒಣಗಿಸ್ಕೊಂಡು ಬಂದಿದ್ದೆ."

ಅವಳು ತೋಳನ್ನೂ ಅಂಗೈಯನ್ನೂ ಸರದಿಯಲ್ಲಿ ನೋಡಿದಳು. ಮುಖ ಮುದುಡಿತು. ಅಳು ಬಂದರೆ ಮೈ ಅಲುಗುತ್ತದೆಂದು ಬುರುಡೆಯಣ್ಣ ಸಂದಿಗೆ ಬಾಯಿಟ್ಟು, ಎಡಗಾಲು ಮೊದಲು, ನನ್ನ ಕಡೆಗೆ, ನನ್ನ ಕಡೆಗೇ ಎಂದು ಜಪಿಸತೊಡಗಿದ. ಎಡಗಾಲು ಬಂತು. ಬಲಗಾಲು ಎತ್ತುವಾಗ ಮೊಣಕಾಲು ಕುಸಿಯಿತು. ಟಬ್ಬು ಮಗುಚಿ, ನೀರಿನ ಜೊತೆಗೇ ಸರ್ರನೆ ಜಾರಿ ಅಂಚಿನಾಚೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆಲ್ಲೋ ಅದು ಒಡೆದ ಸದ್ದು ಬಂತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಬುರುಡೆಯಣ್ಣ ಮುಚ್ಚಿರಲಿಲ್ಲ. ಕಡ್ಡಿ ಈಚೆ ಬದಿಗೆ ಬಿದ್ದಿದ್ದಳು. ಕಾದ ಸಿಮೆಂಟಿನ ಮೇಲೆ ಅಂಗೈ ಊರಿಕೊಂಡು, ಅಂಬೆಗಾಲಿಕ್ಕುತ್ತ ಬಾಗಿಲ ಕಡೆಗೆ ಬರುತ್ತಿದ್ದಳು. ಚಿಲಕ ಎಳೆಯಲು ಶಕ್ತಿ ಸಾಲದೆ ಮೂರು ಸಲ ಸೋತಳು. ನಾಲ್ಕನೆಯ ಸಲ ಬಾಗಿಲು ಬಿಟ್ಟಿತು.

ಮೆಟ್ಟಿಲ ನೆರಳಿನಲ್ಲಿ ಅಕ್ಕ ಅವಳನ್ನು ಮಡಿಲಿಗೆಳೆದುಕೊಂಡಳು. ಮೇಡಂ ಸಕ್ಕರೆ ನೀರು ತಂದು ಚಮಚದಲ್ಲಿ ತುಸುತುಸುವೇ ಕುಡಿಸಿದರು. ಇದು ನೇರ ರಕ್ತಕ್ಕೆ ಇಳಿಯುತ್ತದೆ, ಇನ್ನು ಹತ್ತು ನಿಮಿಷಕ್ಕೆ ಮೈಗೆ ಕಸುವು ಬರುತ್ತದೆ, ಆದರೂ ಡಾಕ್ಟರಿಗೆ ತೋರಿಸಲೇಬೇಕು ಎಂದರು. ಎರಡು ಮೆಟ್ಟಿಲು ಕೆಳಗೆ ಬುರುಡೆಯಣ್ಣ ಕೂತಿದ್ದ.

ತುಟಿಗೆ ಬಣ್ಣ ಮರಳಿದ ಮೇಲೆ ಕಡ್ಡಿ ಕಣ್ಣು ತೆರೆದು ಅವನನ್ನೇ ನೋಡಿದಳು.

"ನಲವತ್ತು ದಿನ?"

"ನಾಲ್ಕು ದಿನ," ಎಂದುಬಿಟ್ಟ. ಅವಳು ರೆಪ್ಪೆ ಹೊಡೆಯಲಿಲ್ಲ. ಅವನು ತಲೆ ತಗ್ಗಿಸಿದ. "ಒಂದೇ ಮಧ್ಯಾಹ್ನ. ಹೋದ ವರ್ಷ. ನಾನು ಮೇಲಿರೋದು ಗೊತ್ತಿಲ್ದೆ ವಾಚ್‌ಮನ್ ಬೀಗ ಹಾಕ್ಕೊಂಡು ಹೋಗಿದ್ದ. ಸಂಜೆ ಬಂದು ತೆಗೆದ."

"ಗುಬ್ಬಿ?"

"ಒಂದಿತ್ತು. ಹತ್ತಿರ ಬರಲಿಲ್ಲ."

"ಅಲ್ಲೀವರೆಗೂ ಏನೂ ತಿಂದಿರಲಿಲ್ವಾ?"

ಬುರುಡೆಯಣ್ಣ ಮೇಡಂ ಕೈಯ ಚಮಚ ನೋಡಿದ. ಆಮೇಲೆ ಅವರ ಮುಖ ನೋಡಿದ. ಓಡಿಹೋಗಲು ಮೆಟ್ಟಿಲು ಬೇಕಾದಷ್ಟಿದ್ದವು, ಅವನು ಏಳಲಿಲ್ಲ.

"ಬಿಸಿಲಿಗೆ ಅಂತ ತಾರಸಿ ಮೇಲೆ ಇಟ್ಟಿದ್ರಲ್ಲ ಮೇಡಂ, ಮೊಳಕೆಕಾಳು," ಎಂದ. "ನಾಲ್ಕು ತಟ್ಟೆ. ಅದು ಇಲಿ ಅಲ್ಲ. ನಾನೇ ತಿಂದೆ. ಬೀಗ ಯಾರೂ ತೆಗೆಯಲ್ಲ ಅಂತ ಹೆದರಿ, ಅಳ್ತಾ ಅಳ್ತಾ ತಿಂದೆ."