ಮಸ್ಕತ್ತಿನಲ್ಲಿ ಬಲೀಂದ್ರನಿಗೆ ಕೂ

ಬಲೀಂದ್ರನ ಕತೆಯನ್ನು ನನ್ನಜ್ಜಿ ಬೇರೆಯವರ ಹಾಗೆ ಮೂರು ಹೆಜ್ಜೆಯಿಂದ ಶುರು ಮಾಡುವವಳಲ್ಲ. ಭೂಮಿ ಕೇಳಲು ಬಂದ ಆ ಗಿಡ್ಡ ಮಾಣಿ ಮೊದಲು ಎಷ್ಟು ಹೊಗಳಿದ, ಎಷ್ಟು ಮೆತ್ತಗೆ ಮಾತಾಡಿದ ಎಂಬಲ್ಲಿಂದ ಶುರು. "ಕಸಿಯುವವ ಮೊದಲು ಕಾಲು ಮುಟ್ಟುತ್ತಾನೆ ಮಗಾ" ಎನ್ನುವಳು. ನನಗೆ ಆ ಭಾಗ ಬೇಸರ. ದೀಪಾವಳಿಯ ಸಂಜೆ ಬಲೀಂದ್ರ ತನ್ನ ನೆಲ ನೋಡಲು ಮೇಲೆ ಬರುವಾಗ ಗದ್ದೆಯ ಅಂಚಿನಲ್ಲಿ ಹೇಗೆ ನಿಲ್ಲುತ್ತಾನೆ, ಅವನ ಕಿರೀಟಕ್ಕೆ ಮಣ್ಣು ಅಂಟಿರುತ್ತದಾ, ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ, ಎಂ.ಎ. ಮುಗಿದ ಮೇಲೂ.

ಅಪ್ಪ ಅಮ್ಮ ಬಂಟ್ವಾಳದಲ್ಲಿ. ನಾನು ಬೆಳೆದದ್ದು ಶಿರ್ತಾಡಿಯಲ್ಲಿ, ಅಜ್ಜಿಯ ಜೊತೆ. ಮನೆಯೆದುರಿನ ದೊಡ್ಡ ಗದ್ದೆಯಲ್ಲಿ ನಾವು ಬಲೀಂದ್ರನನ್ನು ಕರೆಯುವುದು. ಬಾಳೆಲೆಯಲ್ಲಿ ಅವಲಕ್ಕಿ, ತೆಂಗಿನಕಾಯಿ ಚೂರು, ಕಾಡುಹೂ, ಉರಿಯುವ ಬತ್ತಿ. ಅದನ್ನು ಗದ್ದೆಯ ಮಣ್ಣಿಗಿಟ್ಟು "ಓ ಬಲೀಂದ್ರಾ, ಕೂ" ಎಂದು ಮೂರು ಸಲ ಕೂಗಬೇಕು. ಕೂಗುವುದು ಮನೆಯ ಗಂಡಸು. ಗಂಡಸು ಅಂದರೆ ರಮಾನಾಥ ಮಾವ, ಅಜ್ಜಿಯ ಒಬ್ಬನೇ ಮಗ. ಅವನಿಗೆ ಮಸ್ಕತ್ತಿನಲ್ಲಿ ಹೋಟೆಲು. ಹಾಗಾಗಿ ಪ್ರತಿ ವರ್ಷ ಮಾವ ಅಲ್ಲಿಂದ ಫೋನಿನಲ್ಲಿ ಕೂ ಹಾಕುವುದು, ನಾನು ಫೋನನ್ನು ಗದ್ದೆಯ ಕಡೆ ಎತ್ತಿ ಹಿಡಿಯುವುದು.

ಈ ಸಲ ಮಳೆಗಾಲದಲ್ಲಿ ಹಾಸ್ಟೆಲ್ ಕಟ್ಟುವವನೊಬ್ಬ ಆ ಗದ್ದೆಯನ್ನು ಕೇಳಿಕೊಂಡು ಬಂದ. ಗದ್ದೆ ಇದ್ದದ್ದು ಮಾವನ ಹೆಸರಲ್ಲಿ. ಅವನು ಗಲ್ಫಿಗೆ ಹೊರಟಾಗ ಅಜ್ಜಿಯೇ ಬರೆದುಕೊಟ್ಟದ್ದು. ಅಜ್ಜಿ ಫೋನ್ ಮಾಡಿದಳು. "ಮಾತಾಡುವ, ಅಮ್ಮ" ಎಂದ ಮಾವ. ಅದರ ಬೆನ್ನಿಗೇ ನಮ್ಮಿಬ್ಬರಿಗೂ ವೀಸಾ ಬಂತು, ಟಿಕೆಟ್ ಬಂತು. ಈ ದೀಪಾವಳಿ ಮಸ್ಕತ್ತಿನಲ್ಲಂತೆ.

ಹಬ್ಬಕ್ಕೆ ಮೂರು ವಾರ ಮೊದಲೇ ಅಜ್ಜಿ ಹೊರಟದ್ದು ಒಂದೇ ಕಾರಣಕ್ಕೆ, ಗದ್ದೆ ಕೊಡುವುದಿಲ್ಲ ಎಂಬ ಮಾತನ್ನು ಅವನ ಬಾಯಿಂದ ತರಲಿಕ್ಕೆ. "ನೀನು ಕೇಳು ಪ್ರಾಪ್ತಿ. ತಂಗಿಯ ಮಗಳಿಗೆ ಅವ ಇಲ್ಲ ಅನ್ನಲಿಕ್ಕಿಲ್ಲ" ಎಂದಳು ನನಗೆ.

ಊರು ತೋರಿಸಿದವನು ಮಾವನ ಗೆಳೆಯ ಅಬ್ದುಲ್ ರವೂಫ್. ಬಂಟ್ವಾಳದವನು, ಮಸ್ಕತ್ತಿನಲ್ಲಿ ಕಾರು ಓಡಿಸುತ್ತಾನೆ. ನೀಲಿ ಕಂಬಗಳ ಅರಮನೆ, ಬಂದರಿನ ಹಳೇ ಪೇಟೆ, ಸಾಂಬ್ರಾಣಿ ಹೊಗೆ, ಬೋಳು ಗುಡ್ಡಗಳ ನಡುವೆ ಬೆಳ್ಳಗೆ ಹೊಳೆಯುವ ಮನೆಗಳು. ಅಜ್ಜಿಯ ಕತೆಗಳಲ್ಲಿ ನಾನು ನೋಡಿದ್ದ ಪಟ್ಟಣವೇ ಅದು. ದೊಡ್ಡ ಮಸೀದಿಯ ಅಮೃತಶಿಲೆಯ ಅಂಗಳದಲ್ಲಿ ಅಜ್ಜಿ ನಿಂತುಬಿಟ್ಟಳು.

"ಎಷ್ಟು ಭತ್ತ ಒಣಗಿಸಬಹುದು ಇಲ್ಲಿ."

"ಒಣಗಿಸುವ, ಅಜ್ಜಿ," ಎಂದ ರವೂಫ್, "ಕಾಗೆ ಓಡಿಸಲಿಕ್ಕೆ ಕೋಲು ಹಿಡಿದು ನೀವೇ ಕೂರಬೇಕು, ಅಷ್ಟೆ."

"ಕೂತೆ. ಮಗನ ವೀಸಾ ಉಂಟಲ್ಲ."

ಮಾವ ನಕ್ಕ. ಅವಳ ಚಪ್ಪಲಿಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡಿದ್ದ. ಬೆಳಿಗ್ಗೆ ಎದ್ದ ಕೂಡಲೇ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ನಾನು ಗದ್ದೆಯ ವಿಷಯಕ್ಕೆ ಬಾಯಿ ತೆರೆದಾಗಲೆಲ್ಲ ಇನ್ನೊಂದು ಜಾಗ ತೋರಿಸುತ್ತಿದ್ದ. "ನೋಡು ಪ್ರಾಪ್ತಿ, ಕೋಟೆ." "ನೋಡು, ಹಾಯಿ ಹಡಗು." ನಾನು ನೋಡುತ್ತಿದ್ದೆ. ಇಷ್ಟು ಪ್ರೀತಿ ಇರುವವನು ಇಲ್ಲ ಅನ್ನಲಾರ ಅನಿಸಿ, ಕೇಳುವುದು ನಾಳೆಗೆ ಹೋಗುತ್ತಿತ್ತು.

ಹಬ್ಬದ ಸಂಜೆ ಸಮುದ್ರದ ಬದಿಗೆ ಹೋದೆವು. ಅಲ್ಲಿ ಇನ್ನೂ ಬಿಸಿಲು, ಊರಲ್ಲಿ ಆಗಲೇ ಕತ್ತಲು. ಮಾವ ಹೋಟೆಲಿನಿಂದ ಬಾಳೆಲೆ, ಅವಲಕ್ಕಿ ತಂದಿದ್ದ.

"ಕುಶಾಲಪ್ಪನಿಗೆ ಫೋನ್ ಮಾಡು" ಎಂದಳು ಅಜ್ಜಿ. ಕುಶಾಲಪ್ಪ ನಮ್ಮ ನೆರೆಮನೆಯವ. ಮನೆ, ಗದ್ದೆ ಅವನಿಗೆ ಒಪ್ಪಿಸಿ ಬಂದಿದ್ದೆವು. "ಅವ ಗದ್ದೆಯಲ್ಲಿ ಎಲೆ ಇಡಲಿ. ಇವ ಇಲ್ಲಿಂದ ಕರೆಯಲಿ."

"ಯಾಕಮ್ಮ, ಹಬ್ಬದ ದಿನ ಅವನಿಗೂ ಮನೆ ಉಂಟು. ಇಲ್ಲೇ ಮಾಡುವ."

ನಾನು ಆಗಲೇ ಫೋನ್ ಮಾಡಿಯಾಗಿತ್ತು. ಸ್ಪೀಕರಿನಲ್ಲಿ ಪಟಾಕಿ ಸದ್ದು, ಅದರ ನಡುವೆ ಯಾವುದೋ ಲಾರಿ ಹಿಂದಕ್ಕೆ ಬರುವ ಟೀಂ ಟೀಂ.

"ಕುಶಾಲಪ್ಪ, ಎಲ್ಲಿ ನಿಂತಿದ್ದಿ?" ಎಂದಳು ಅಜ್ಜಿ.

"ರಸ್ತೆಯಲ್ಲಿ ಅಕ್ಕೆ. ಎಲೆ ತಂದಿದ್ದೇನೆ."

"ರಸ್ತೆಯಲ್ಲಿ ಯಾಕೆ? ಗದ್ದೆಗೆ ಇಳಿ."

"ಇಳಿಯಲಿಕ್ಕೆ ಆಗುವುದಿಲ್ಲ ಅಕ್ಕೆ. ಈಗ ಹತ್ತಬೇಕು. ರಸ್ತೆಗಿಂತ ಎತ್ತರ ಬಂದಿದೆ ಮಣ್ಣು. ರಮಾನಾಥಣ್ಣ ಹೇಳಲಿಲ್ಲವಾ?"

ಅಜ್ಜಿ ಮಾವನನ್ನು ನೋಡಿದಳು. ಮಾವ ಸಮುದ್ರವನ್ನು ನೋಡಿದ.

"ಕೊಯ್ಲು ಆದ ಮೇಲೆಯೇ ಮಣ್ಣು ಹಾಕಿ ಎಂದಿದ್ದೆ" ಎಂದ. "ಒಂದು ಕಾಳೂ ಹಾಳಾಗಲಿಲ್ಲ ಅಮ್ಮ."

"ನಾವು ವಿಮಾನ ಹತ್ತುವಾಗ ತೆನೆ ನಿಂತಿತ್ತು."

"ಹೌದು."

"ಮೊದಲೇ ಕೊಟ್ಟಾಗಿತ್ತಾ?"

"ಅಮ್ಮ, ನಾನೇನು ಊರಿಗೆ ಬಂದು ಉಳುತ್ತೇನಾ? ಹೇಳಿದ್ದರೆ ನೀವು ಟಿಪ್ಪರಿನ ಎದುರು ಮಲಗುತ್ತಿದ್ದಿರಿ. ನಿಮ್ಮ ಕಣ್ಣೆದುರು ಆಗಬಾರದು ಎಂದೇ ಇಲ್ಲಿಗೆ ಕರೆಸಿದ್ದು."

ಅವನ ದನಿಯಲ್ಲಿ ಕಳ್ಳತನ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಉಪಕಾರ ಮಾಡಿದವನ ದನಿ ಅದು. ಅರಮನೆ, ಕೋಟೆ, ಹಾಯಿ ಹಡಗು, ಒಂದೊಂದಕ್ಕೂ ಅಲ್ಲಿ ಒಂದೊಂದು ಲೋಡ್ ಮಣ್ಣು ಬಿದ್ದಿತ್ತು. ನಾನು ಬಾಯಿ ತೆರೆದು ನೋಡಿದ್ದೆ.

"ಕರೆ ಮಾವ" ಎಂದೆ. "ಮನೆಯ ಗಂಡಸು ನೀನೇ ಅಲ್ಲವಾ? ಕೂ ಹಾಕು. ಬಲೀಂದ್ರ ಬಂದು ನೋಡಲಿ."

ಮಾವ ಬಾಯಿ ತೆರೆದ. ಕಿವಿಗೆ ಏನೋ ಸಿಕ್ಕಿಸಿಕೊಂಡು ಓಡುತ್ತಿದ್ದ ಒಬ್ಬ ಹೆಂಗಸು ಪಕ್ಕದಲ್ಲೇ ಹಾದುಹೋದಳು. ಮಾವ ಬಾಯಿ ಮುಚ್ಚಿಕೊಂಡ.

ಫೋನ್ ಇನ್ನೂ ಹಾಗೆಯೇ ಇತ್ತು. "ಅಕ್ಕೆ," ಎಂದ ಕುಶಾಲಪ್ಪ, "ಬತ್ತಿ ಉರಿದು ಬೆರಳಿಗೆ ಬಂತು. ಎಲೆ ಎಲ್ಲಿ ಇಡಲಿ?"

ಅಜ್ಜಿ ಫೋನನ್ನು ಮಾವನ ಕೈಗೆ ಕೊಟ್ಟಳು. "ಯಜಮಾನನ ಹತ್ತಿರ ಕೇಳು" ಎಂದು, ತನ್ನ ಮುಂದಿದ್ದ ಎಲೆಯನ್ನು ಅವಲಕ್ಕಿ ಸಮೇತ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಮಾವ ಏನು ಉತ್ತರ ಕೊಟ್ಟನೋ ಗೊತ್ತಿಲ್ಲ. ಫೋನ್ ಹಿಡಿದು ನೀರಿನ ಕಡೆಗೆ ನಡೆದುಹೋದ.

ಮರುದಿನ ಬೆಳಿಗ್ಗೆ ಅವನು ಎಂದಿನ ಹಾಗೆ ಕಾಲು ಮುಟ್ಟಲು ಬಗ್ಗಿದ. ಅಜ್ಜಿ ಎರಡೂ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

"ರವೂಫ್ ಬಂದನಾ ನೋಡು ಪ್ರಾಪ್ತಿ" ಎಂದಳು. "ತೋರಿಸಲಿಕ್ಕೆ ಇನ್ನೂ ಏನೇನೋ ಬಾಕಿ ಉಂಟಂತೆ."