ಹೇಮಾಳ ಸರದಿ

‘ಆಮೆನ್’ ಎಂದು ಕಣ್ಣು ಬಿಟ್ಟಾಗ ಶಾಂತರಾಜುವಿನ ಮುಂದೆ ಉಳಿದಿದ್ದದ್ದು ಖಾಲಿ ಚಾಪೆಗಳು ಮತ್ತು ಹೆಂಡತಿ ಲತಾಮಣಿ. ಅವಳೂ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅವನು ಕಣ್ಣು ಮುಚ್ಚಿ ನಾಡಿಗೆ, ದೇಶಕ್ಕೆ, ದೂರದ ಯುದ್ಧಗಳಿಗೆಲ್ಲ ಶಾಂತಿ ಬೇಡುತ್ತಿದ್ದ ಹೊತ್ತಿನಲ್ಲಿ ಉಳಿದವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾರಿಕೊಂಡಿದ್ದರು.

"ಎಲ್ಲೋದ್ರು ಎಲ್ಲಾ?"

"ಮನೆಗೆ," ಎಂದು ಲತಾಮಣಿ ಕಣ್ಣುಜ್ಜಿಕೊಂಡಳು. "ನಾನೂ ಹೋಗ್ತಿದ್ದೆ. ಏನ್ ಮಾಡದು, ನನ್ ಮನೆ ಇದೇ ಅಲ್ವಾ?"

ಮಲಯಾಳ ನಾಡಿನ ನೂಲ್ಪುಳದ ಕಾಡಂಚಿನ ಈ ಪುಟ್ಟ ಕನ್ನಡ ಸಭೆಯನ್ನು ಅವನೇ ಕಟ್ಟಿದ್ದು. ಪಾಸ್ಟರ್ ಗಿರೀಶ್ ಬತ್ತೇರಿ ಪೇಟೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳ ಸಂಜೆ ಶಾಂತರಾಜುವಿನದೇ. ಜನ ಹೀಗೇ ಕರಗುತ್ತಾ ಹೋದರೆ ಇದನ್ನು ಮುಚ್ಚಿ ಬತ್ತೇರಿಯ ಸಭೆಗೆ ಸೇರಿಸಬೇಕಾಗುತ್ತದೆ ಎಂದು ಪಾಸ್ಟರ್ ಕಳೆದ ಸಲ ಮೆತ್ತಗೆ ಹೇಳಿ ಹೋಗಿದ್ದರು. ಅಲ್ಲಿ ಎಲ್ಲವೂ ಮಲಯಾಳದಲ್ಲಿ. ಕೂಲಿಯ ಜನ ವಾರವಾರ ಬಸ್ಸು ಹತ್ತಿ ಅಲ್ಲಿಗೆ ಹೋಗುವುದುಂಟೇ?

ಬೆಳಿಗ್ಗೆ ಎದ್ದವನೇ ಹೇಮಾಳ ಮನೆಗೆ ನಡೆದ. ಅವನು ಎಲ್ಲರಿಗಿಂತ ಮೊದಲು ಪ್ರಾರ್ಥನೆ ಕಲಿಸಿದ್ದು ಅವಳಿಗೆ. ಅವಳು ಅಂಗಳದಲ್ಲಿ ಕೂತು ಬಿತ್ತನೆಯ ಶುಂಠಿ ಮುರಿಯುತ್ತಿದ್ದಳು.

"ನೀನೂ ಎದ್ದೋಗ್ಬುಟ್ಟಲ್ಲವ್ವಾ. ವಿಶ್ವಾಸ ತಣ್ಣಗಾಯ್ತಾ?"

"ವಿಶ್ವಾಸ ಬಿಸಿಯಾಗೇ ಅದೆ, ಅಯ್ಯಾ. ನೀವು ದಿಲ್ಲಿಗೋಗಿ, ಅಲ್ಲಿಂದ ಯುದ್ಧಕ್ಕೋಗಿ, ನೂಲ್ಪುಳಕ್ಕೆ ವಾಪಸ್ ಬರೋ ಹೊತ್ಗೆ ಆನೆ ಗದ್ದೆಗಿಳ್ದಿರ್ತದೆ. ನಿಮ್ಮನೆ ರೋಡ್ ಪಕ್ಕ. ನಾವು ಗದ್ದೆ ದಾಟ್ಬೇಕು."

"ದೇವ್ರು ಕಾಯಲ್ವಾ?"

"ಕಾಯ್ತಾನೆ. ಬೆಳಕಿರೋವಾಗ್ಲೇ ನಡ್ಕೊಂಡು ಹೋಗ್ಲಿ ಅಂತ ಕಾಲೂ ಕೊಟ್ಟವ್ನೆ."

ಶಾಂತರಾಜುವಿಗೆ ರೇಗಿತು. "ಹಂಗಾದ್ರೆ ನೀನೇ ಮಾಡವ್ವಾ ಪ್ರಾರ್ಥನೆ!"

ಹೇಮಾ ಶುಂಠಿ ಕೆಳಗಿಟ್ಟಳು. "ಆರು ವರ್ಷದಿಂದ ಕಲಿಸ್ತಾನೇ ಇದ್ದೀರಿ. ಒಂದಿನ ಮಾಡು ಅಂದಿರ್ಲಿಲ್ಲ. ಇವತ್ತು ಬಾಯ್ಬಿಟ್ಟು ಅಂದ್ರಲ್ಲ, ಸಾಕು. ಮಾಡ್ತೀನಿ."

ಅವನು ಅಂದದ್ದು ಕೊಂಕಿಗೆ. ಅವಳು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡುಬಿಟ್ಟಿದ್ದಳು. ಅವನು ಬಂದ ದಾರಿಯಲ್ಲೇ ಹಿಂತಿರುಗಿದ. ಈಜು ಕಲಿಸುತ್ತೇನೆಂದು ವರ್ಷಗಟ್ಟಲೆ ದಡದಲ್ಲೇ ಕೂರಿಸಿದವನ ಹಾಗಾಗಿತ್ತು ಅವನ ಪಾಡು.

ಮುಂದಿನ ಭಾನುವಾರ ಮಧ್ಯಾಹ್ನದ ಊಟವಾಗುತ್ತಲೇ ಎಲ್ಲರನ್ನೂ ಕರೆಸಿದ. ಹಾಡು ಮುಗಿದ ಮೇಲೆ ಹೇಮಾಳ ಕಡೆ ಕೈ ತೋರಿಸಿದ.

"ಅಪ್ಪಾ, ಶೀಜನ ಮಗೀಗೆ ಜ್ವರ ಇಳ್ಸು. ಈ ಹುಡ್ಗ ಉಣ್ಣಿಗೆ ಕೆಲ್ಸ ಕೊಡು. ನಮ್ಮನ್ನ ಮನೆ ಮುಟ್ಸು. ಆಮೆನ್."

ಅಷ್ಟೇ. ಶಾಂತರಾಜುವಿನ ನಾಲಿಗೆಯ ತುದಿಯಲ್ಲಿ ದೇಶದೇಶಗಳು ಸಾಲುಗಟ್ಟಿ ನಿಂತಿದ್ದವು. ಲತಾಮಣಿ ಒಂದೇ ಕಣ್ಣು ತೆರೆದು ಗಂಡನನ್ನು ನೋಡಿದಳು. ಅವನು ತುಟಿ ಬಿಗಿಹಿಡಿದ. ಆಮೇಲೆ, ಅಷ್ಟು ವರ್ಷ ಮೂಲೆಯಲ್ಲಿ ಬಾಯಿ ಬಿಡದೆ ಕೂತಿದ್ದ ಉಣ್ಣಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ತನ್ನ ಅಮ್ಮನಿಗಾಗಿ ಬೇಡಿದ. ಅವನ ಹಿಂದೆ ಶೀಜ. ಅವಳ ಹಿಂದೆ ಇನ್ನೊಬ್ಬರು.

ಎಲ್ಲರೂ ಹೊರಟಾಗ ಬಿಸಿಲಿನ್ನೂ ಗದ್ದೆಯ ಮೇಲಿತ್ತು. ಶಾಂತರಾಜು ಪಂಚೆ ಎತ್ತಿ ಕಟ್ಟಿ ಅವರ ಜೊತೆ ಬದುವಿಗಿಳಿದ.

"ನೀವ್ಯಾಕೆ, ಅಯ್ಯಾ?"

"ನಡಿಯವ್ವಾ, ಬತ್ತೀನಿ."

ನಡುಗದ್ದೆಯಲ್ಲಿ ಬದು ಕುಸಿದಿತ್ತು. ಕೆಸರಿನಲ್ಲಿ ಮೊರದಗಲದ ಆನೆಹೆಜ್ಜೆ, ಅದರ ತುಂಬ ತಿಳಿನೀರು. ಹೇಮಾ ಸೀರೆಯ ನೆರಿಗೆ ಎತ್ತಿ ಹಿಡಿದು, ಗಟ್ಟಿ ನೆಲ ಹುಡುಕುತ್ತ, ಒಂದೊಂದೇ ಹೆಜ್ಜೆ ಊರಿ ಆಚೆ ದಾಟಿದಳು. ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಶಾಂತರಾಜು ಬಗ್ಗಿ ನೋಡಿ, ಅವಳು ಕಾಲಿಟ್ಟಲ್ಲೇ ಕಾಲಿಟ್ಟ.