ಚರ್ಚಿನಲ್ಲಿ ಹೇಳುವ ಕಥೆ

ಪುಟ್ಟ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇದೆ, ಪಾಪ ಅದಕ್ಕೂ ಸಾಕಾಗಿರಬೇಕು, ಬೆಳಿಗ್ಗೆಯಿಂದ ಕೇಳುತ್ತಿದೆ, ಕಾಫಿ ಮೂರನೇ ಸಲ ಆಯಿತು, ಕಿಟಕಿಯ ಬಿಸಿಲು ಲೊರೀನಳ ಮೊಣಕೈಗೆ ಹಿತವಾಗಿ ತಾಗುತ್ತಿದೆ, ಎಂಥ ನೆಮ್ಮದಿಯ ಶನಿವಾರ, ಇಂಡಿಯಾನಾದ ಈ ಸಣ್ಣ ಊರಲ್ಲಿ ತನ್ನದೇ ಅಡುಗೆಮನೆ, ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ, ಇಬ್ಬರು ಮಕ್ಕಳು — ಎದುರಿಗೆ ಪ್ರೊಫೆಸರ್ ಇಂಗ್ರಿಡ್, ದ್ವೇಷದ ಗುಂಪುಗಳನ್ನು ಬಿಟ್ಟುಬಂದವರನ್ನು ಊರೂರು ಸುತ್ತಿ ಮಾತಾಡಿಸುವುದೇ ಅವರ ಕಸುಬು, ಈಗ ಕೇಳಿಯೇಬಿಟ್ಟರು, ಲೊರೀನ್, ನೀವು ಬಿಟ್ಟಿದ್ದು ಯಾಕೆ.

ಯಾಕೆ ಅಂದರೆ ಕಥೆ ಸಿದ್ಧವಿದೆ, ಚರ್ಚಿನಲ್ಲಿ ಹನ್ನೊಂದು ಸಲ ಹೇಳಿದ್ದಾಳೆ, ಹೆರಿಗೆ ನೋವಿನಲ್ಲಿ ಕಪ್ಪು ನರ್ಸೊಬ್ಬಳು ನನ್ನ ಕೈ ಹಿಡಿದಳು, ಒಳಗಿನ ದ್ವೇಷವೆಲ್ಲ ಕರಗಿಹೋಯಿತು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಪಾದ್ರಿ ಬೆನ್ನು ತಟ್ಟುತ್ತಾರೆ — ಕೈ ಹಿಡಿದಳಂತೆ, ಸುಳ್ಳಿ, ಎಲ್ಲಿ ಹಿಡಿಯಲು ಬಿಟ್ಟೆ — ನಿಜ ಹೇಳಿದರೆ ಈ ಪ್ರೊಫೆಸರಮ್ಮ ನಕ್ಕುಬಿಡಬಹುದು, ನಿಜ ಅಂದರೆ ಆಲೂಗಡ್ಡೆ ಸಲಾಡ್, ಬಿಳಿಯರ ರಾಜ್ಯ ಕಟ್ಟುತ್ತೇವೆಂದು ಗುಂಪಿನ ಗಂಡಸರು ಮೈದಾನದಲ್ಲಿ ಕೂಗುತ್ತಿದ್ದರು, ಎರಡನೆಯದು ಹೊಟ್ಟೆಯಲ್ಲಿ ಏಳು ತಿಂಗಳು, ಅವಳು ನಲವತ್ತು ಪೌಂಡ್ ಆಲೂಗಡ್ಡೆ ಸುಲಿದು ನಿಂತಿದ್ದಳು, ಊದಿದ ಕಾಲು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ, ಅತ್ತ ಕುಲದ ತಾಯಂದಿರ ಬಗ್ಗೆ ಭಾಷಣ, ಇತ್ತ ಗಂಡ ಕರ್ಟ್ ತಟ್ಟೆ ಹಿಡಿದು ಬಂದ, ಲೇ, ಇದಕ್ಕೆ ಉಪ್ಪೇ ಇಲ್ವಲ್ಲೇ, ಗಮನ ಎಲ್ಲಿತ್ತು ನಿಂಗೆ. ಅಷ್ಟೇ. ಕಾರಿನ ಕೀ ತೆಗೆದುಕೊಂಡಳು, ಮೂರು ವರ್ಷದ ಟೆಸ್ಸಾಳನ್ನು ಹಿಂದೆ ಕೂರಿಸಿ ಅಮ್ಮನ ಮನೆಗೆ ಹೊರಟವಳು ತಿರುಗಿ ಹೋಗಲಿಲ್ಲ, ದಾರಿಯುದ್ದಕ್ಕೂ ಕರ್ಟ್‌ನನ್ನು ಬೈದಳು, ಕಪ್ಪು ಜನರನ್ನೂ ಬೈದಳು, ಆ ಬೈಗುಳ ಬಾಯಿಂದ ಹೋಗಲು ಎಷ್ಟೋ ವರ್ಷ ಹಿಡಿಯಿತು.

ಸಲಾಡಿಗೆ ಉಪ್ಪಿಲ್ಲ ಅಂದ ಮೇಡಂ, ಅದಕ್ಕೇ ಬಿಟ್ಟೆ, ಎಂದಳು, ಇಂಗ್ರಿಡ್ ನಗಲಿಲ್ಲ, ಬರೆದುಕೊಂಡರು, ತುಂಬಾ ಜನ ಹೀಗೇ ಸುಸ್ತಾಗಿ ಹೊರಗೆ ಬರ್ತಾರೆ ಕಣ್ರೀ, ಮನಸ್ಸು ಬದಲಾಗೋದು ಆಮೇಲೆ. ಅಬ್ಬ, ಎದೆ ಎಷ್ಟು ಹಗುರ, ತಾನೊಬ್ಬಳೇ ಅಲ್ಲ ಹಾಗಾದರೆ, ಇನ್ನೊಂದು ಕಾಫಿ ಮಾಡಿದರಾಯಿತು — ಮತ್ತೆ ಆ ನರ್ಸ್, ಅಂದರು ಇಂಗ್ರಿಡ್, ಚರ್ಚಲ್ಲಿ ಹೇಳ್ತೀರಂತಲ್ಲ. ಹೇಳಿಬಿಡು ಲೊರೀನ್, ಇದನ್ನೂ ಹೇಳಿ ಮುಗಿಸು. ನರ್ಸ್ ಇದ್ದಳು ಮೇಡಂ, ಟೆಸ್ಸಾ ಹುಟ್ಟಿದಾಗ, ನನ್ನ ಮಗು ಮುಟ್ಟಬೇಡ, ಬಿಳಿ ನರ್ಸನ್ನ ಕಳಿಸು ಅಂತ ಕಿರುಚಿದೆ ನಾನು, ಅವಳು ಮಗೂನ ಇನ್ನೊಬ್ಬ ನರ್ಸಿನ ಕೈಗೆ ಕೊಟ್ಟಳು, ಕೊಡೋ ಮುಂಚೆ — ಮಾತು ಅಲ್ಲಿಗೇ ನಿಂತಿತು, ಹತ್ತೊಂಬತ್ತು ವರ್ಷದಿಂದ ಅಲ್ಲಿಗೇ ಬಂದು ನಿಲ್ಲುತ್ತದೆ, ಕೊಡುವ ಮುಂಚೆ ಅವಳ ಎರಡು ಬೆರಳು, ಮೇಲೆ ಸರಿದಿದ್ದ ಪುಟ್ಟ ಟೋಪಿಯನ್ನು ಮಗುವಿನ ಕಿವಿ ಮುಚ್ಚುವಂತೆ ಕೆಳಗೆಳೆದವು.